ದೂರು ಕೊಟ್ಟ ದಿನದ ಕೂಲಿ

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಹೆಣ್ಣೂರು ಕಡೆಯ ಬಾಬುಸಾಪಾಳ್ಯದಲ್ಲಿ, ಇನ್ನೂ ಕೆಲಸ ನಡೆಯುತ್ತಿದ್ದ ಬಹುಮಹಡಿ ಕಟ್ಟಡವೊಂದು ಮಳೆಯ ನಡುವೆ ಕುಸಿಯಿತು. ಒಂಬತ್ತು ಕೂಲಿಕಾರರು ಸತ್ತರು. ಮಂಜೂರಾತಿಗಿಂತ ಹೆಚ್ಚು ಮಹಡಿ ಎಬ್ಬಿಸಿದ್ದು ಆಮೇಲೆ ಬಯಲಾಯಿತು. ಮಾಲೀಕರಿಗೆ ಹಿಂದೆಯೇ ನೋಟಿಸ್ ಕೊಟ್ಟಿತ್ತು ಎಂಬ ಉತ್ತರ ಪಾಲಿಕೆಯ ಕಡೆಯಿಂದ ಬಂತು. ನೋಟಿಸ್ ಕೊಟ್ಟವರು ಕೆಲಸ ಯಾಕೆ ನಿಲ್ಲಿಸಲಿಲ್ಲ ಎಂದು ಎಲ್ಲರೂ ಕೇಳಿದರು, ಕೇಳಬೇಕಾದ್ದೇ. ಅಷ್ಟಾಗಿ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಆ ನೋಟಿಸಿನ ಸಂಗತಿ ಒಳಗೆ ಗಾರೆ ಕಲಸುತ್ತಿದ್ದವರಿಗೆ ಗೊತ್ತಿತ್ತೇ? ನೋಟಿಸ್ ಹೋಗುವುದು ಮಾಲೀಕನ ಹೆಸರಿಗೆ, ಪ್ರತಿ ಉಳಿಯುವುದು ಕಚೇರಿಯ ಕಡತದಲ್ಲಿ. ಕಟ್ಟಡ ಬಿದ್ದರೆ ಯಾರ ಮೈಮೇಲೆ ಬೀಳುತ್ತದೋ ಅವರಿಗೆ ಪ್ರತಿ ಕಳಿಸುವ ರೂಢಿಯೇ ಇಲ್ಲ.

ಉಂಡವಳ್ಳಿ, ಆಲಂಪುರ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯವರಿಗೆ ಇದು ಯಾವುದೋ ದೂರದ ಊರಿನ ಸುದ್ದಿಯಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ನೆಲಕ್ಕೆ ಅಲ್ಲಿ ನಡಿಗಡ್ಡೆ ಎನ್ನುತ್ತಾರೆ. ಎರಡೂ ಮಗ್ಗುಲಲ್ಲಿ ಹೊಳೆ ಹರಿದರೂ ಗುಳೆ ತಪ್ಪದ ನೆಲ ಅದು. 1956ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ತಾಲ್ಲೂಕುಗಳು ಆಚೆ ಹೋದವು, ನೀರಿನ ಬಾಯಿ ಈಚೆ ಉಳಿಯಿತು. ತುಂಗಭದ್ರೆಗೆ ಅಡ್ಡ ಕಟ್ಟಿದ ರಾಜೋಳಿಬಂಡ ಅಣೆ ಇರುವುದು ರಾಯಚೂರು ಜಿಲ್ಲೆಯಲ್ಲಿ. ಅದರ ಕಾಲುವೆ ಗಡಿಯಾಚೆ 87,500 ಎಕರೆಗೆ ನೀರುಣಿಸಬೇಕಿತ್ತು. ಕಾಲುವೆಯ ಕೊನೆಯ ಹೊಲಗಳಿಗೆ ಹೇಳಿದಷ್ಟು ನೀರು ಬರಲಿಲ್ಲ ಎಂಬ ಜಗಳಕ್ಕೆ ಈಗ ಎರಡು ತಲೆಮಾರು. ನೀರು ಬರದ ವರ್ಷ ಜನ ಗಂಟುಮೂಟೆ ಕಟ್ಟುತ್ತಾರೆ. ರಾಯಚೂರಿನಲ್ಲೋ ಕೃಷ್ಣಾ ಸ್ಟೇಷನ್ನಿನಲ್ಲೋ ರೈಲು ಹತ್ತಿದರೆ ಪುಣೆ, ಮುಂಬೈ. ಆಲಂಪುರ ಚೌರಸ್ತಾದಲ್ಲಿ 44ನೇ ಹೆದ್ದಾರಿಗೆ ಬಂದು ನಿಂತರೆ ಬಡಗಣಕ್ಕೆ ಹೈದರಾಬಾದ್, ತೆಂಕಣಕ್ಕೆ ಬೆಂಗಳೂರು.

ಮಹಬೂಬನಗರದ ಹಳೆಯ ಹೆಸರು ಪಾಲಮೂರು. ತೆಲಂಗಾಣದಲ್ಲಿ 'ಪಾಲಮೂರು ಲೇಬರ್' ಎಂದರೆ ಸಾಕು, ಬುಟ್ಟಿ, ಸಲಾಕೆ, ಮಣ್ಣಿನ ಕೆಲಸ ಎಲ್ಲ ಕಣ್ಣಮುಂದೆ ಬರುತ್ತವೆ. ದೇಶದ ಅಣೆಕಟ್ಟು, ಕಾಲುವೆ, ಹೆದ್ದಾರಿಗಳಿಗೆ ಗುಂಪು ಗುಂಪಾಗಿ ಹೋಗಿ ದುಡಿದ ಜಿಲ್ಲೆ ಅದು. ಈಗ ಅಲ್ಲಿಗೂ ಬೇರೆ ಕಡೆಯವರು ಬರುತ್ತಾರೆ. 2025ರ ಫೆಬ್ರವರಿ 22ರಂದು ಹಳೆಯ ಪಾಲಮೂರಿನದೇ ಭಾಗವಾದ ನಾಗರಕರ್ನೂಲ್ ಜಿಲ್ಲೆಯ ದೋಮಲಪೆಂಟ ಹತ್ತಿರ, ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗ ಕುಸಿದು ಎಂಟು ಮಂದಿ ಒಳಗೆ ಸಿಕ್ಕಿಕೊಂಡರು. ಅವರ ಮನೆಗಳಿದ್ದದ್ದು ಜಾರ್ಖಂಡ್, ಉತ್ತರ ಪ್ರದೇಶ, ಪಂಜಾಬ್, ಜಮ್ಮು-ಕಾಶ್ಮೀರಗಳಲ್ಲಿ. ತಿಂಗಳುಗಟ್ಟಲೆ ಹುಡುಕಿದ ಮೇಲೂ ಸಿಕ್ಕಿದ್ದು ಇಬ್ಬರ ದೇಹ. ಪಾಲಮೂರಿನವನು ಬೆಂಗಳೂರಿನಲ್ಲಿ, ಜಾರ್ಖಂಡಿನವನು ಪಾಲಮೂರಿನಲ್ಲಿ: ಅಪಾಯದ ಕೆಲಸಕ್ಕೆ ಆ ಊರಿನವನಲ್ಲದವನೇ ಬೇಕು. ಕೂಲಿ ಕಡಿಮೆ ಎನ್ನುವುದೊಂದೇ ಇದಕ್ಕೆ ಕಾರಣವಲ್ಲ. ಹೊರಗಿನವನಿಗೆ ಆ ಊರಿನಲ್ಲಿ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿರುವುದಿಲ್ಲ.

ಗೊತ್ತಿರುವ ಬಾಗಿಲು ಒಂದೇ, ಮೇಸ್ತ್ರಿಯದು. ಊರಿನಲ್ಲಿ ಮುಂಗಡ ಕೊಟ್ಟವನು ಅವನು. ರೈಲಿಗೆ ಹತ್ತಿಸಿದವನು, ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ ತೋರಿಸಿದವನು, ವಾರದ ಖರ್ಚಿಗೆ ಕೊಡುವವನು, ಜ್ವರ ಬಂದರೆ ಮಾತ್ರೆ ತರಿಸುವವನು ಎಲ್ಲ ಅವನೇ. ಅನೇಕ ಸಲ ಅದೇ ಊರಿನವನು, ಸಂಬಂಧದಲ್ಲಿ ಮಾವನೋ ಅಣ್ಣನೋ ಆಗಬೇಕಾದವನು. ಅವನ ಮೇಲೆ ಸಬ್‌ಕಾಂಟ್ರಾಕ್ಟರ್, ಅವನ ಮೇಲೆ ಕಂಟ್ರಾಕ್ಟರ್, ಆಮೇಲೆ ಬಿಲ್ಡರ್, ಕೊನೆಗೆ ಜಾಗದ ಒಡೆಯ. ಈ ಸಾಲಿನ ತುದಿಯಲ್ಲಿ ಸಾರವೆಯ ಮೇಲೆ ನಿಂತವನಿಗೆ ಬಿರುಕು ಎಲ್ಲರಿಗಿಂತ ಮೊದಲು ಕಾಣುತ್ತದೆ. ಅದನ್ನು ಅವನು ಹೇಳುವುದು ಮೇಸ್ತ್ರಿಗೆ. ಮೇಸ್ತ್ರಿಗೆ ತನ್ನ ಬಿಲ್ಲು ಮಂಜೂರಾಗುವ ಚಿಂತೆ. "ಏನೂ ಆಗಂಗಿಲ್ಲ, ಮೋಲ್ಡ್ ಮುಗಿಸ್ರಿ ಮೊದಲು" ಎಂದರೆ ಮಾತು ಅಲ್ಲಿಗೆ ನಿಂತಿತು. ಮೇಸ್ತ್ರಿಯನ್ನು ಖಳನಾಯಕ ಮಾಡುವುದು ಸುಲಭ. ಸ್ಲ್ಯಾಬ್ ಬಿದ್ದಾಗ ಅವನೂ ಅದರ ಕೆಳಗೇ ಇರುತ್ತಾನೆ ಎಂಬುದನ್ನು ಮರೆಯಬಾರದು.

ಇದು ಹೊಸ ರೋಗವಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಲು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದ ಜನರನ್ನು ಜಮಾದಾರರ ಮೂಲಕ ತಂದಿದ್ದರು. ಅಂದಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರ ಒಂದು ರೂಪಾಯಿ ಮುರಿದುಕೊಂಡು ಕೊಡುತ್ತಿದ್ದ. ಜನರ ಪ್ರಜಾಸತ್ತಾತ್ಮಕ ಹಕ್ಕುಗಳ ಒಕ್ಕೂಟದವರು ಸೈಟುಗಳನ್ನು ನೋಡಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ರಿಟ್ ಅರ್ಜಿ ಎಂದು ಎತ್ತಿಕೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂಬ ತೀರ್ಪು ಬಂತು. ಕಟ್ಟಡ ಕೆಲಸ ಅಪಾಯದ ಉದ್ಯೋಗ, ಹದಿನಾಲ್ಕರ ಒಳಗಿನ ಮಕ್ಕಳನ್ನು ಅಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದೂ ಕೋರ್ಟು ಹೇಳಿತು. ಗಮನಿಸಬೇಕಾದ್ದು: ಆ ಪತ್ರ ಬರೆದವರು ಕೂಲಿಕಾರರಲ್ಲ. ಕೂಲಿ ಕಳೆದುಕೊಳ್ಳುವ ಭಯವಿಲ್ಲದ ಹೊರಗಿನವರು.

ಅಪಾಯ ಕಣ್ಣಿಗೆ ಬಿದ್ದ ಮಾತ್ರಕ್ಕೆ ಪ್ರಾಣ ಉಳಿಯುವುದಿಲ್ಲ ಎನ್ನುವುದಕ್ಕೆ ಢಾಕಾ ಬಳಿಯ ರಾಣಾ ಪ್ಲಾಜಾಕ್ಕಿಂತ ಕಠೋರ ಸಾಕ್ಷಿ ಇನ್ನೊಂದಿಲ್ಲ. 2013ರ ಏಪ್ರಿಲ್ 23ರಂದು ಆ ಎಂಟು ಮಹಡಿಯ ಕಟ್ಟಡದ ಗೋಡೆಯಲ್ಲಿ ಬಿರುಕು ಕಂಡಿತು. ಅಲ್ಲಿಯೂ ಮೇಲಿನ ಮಹಡಿಗಳು ಅನುಮತಿ ಇಲ್ಲದವು. ನೋಡಲು ಬಂದ ಎಂಜಿನಿಯರ್ ಇದು ಸುರಕ್ಷಿತವಲ್ಲ ಎಂದರು. ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು, ಅಂಗಡಿಗಳು ಮುಚ್ಚಿದವು. ಮೇಲಿನ ಗಾರ್ಮೆಂಟ್ ಕಾರ್ಖಾನೆಗಳವರನ್ನು ಮಾತ್ರ ಮರುದಿನ ಬೆಳಿಗ್ಗೆ ಕರೆದರು. ಬರದಿದ್ದರೆ ಸಂಬಳ ಹೋಗುತ್ತದೆ ಎಂಬ ಬೆದರಿಕೆ ಇತ್ತು. ಬಂದರು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಬ್ಯಾಂಕಿನ ಗುಮಾಸ್ತನಿಗೂ ಕಂಡಿತ್ತು, ಹೊಲಿಗೆಯವಳಿಗೂ ಕಂಡಿತ್ತು. ಗುಮಾಸ್ತ ಮನೆಯಲ್ಲಿ ಕೂತ ದಿನಕ್ಕೂ ಸಂಬಳ ಎಣಿಕೆಯಾಗುತ್ತದೆ. ಅವಳಿಗೆ ಆ ಭರವಸೆ ಇರಲಿಲ್ಲ.

ಹಾಗಾದರೆ ಕೂಲಿಯವನು ಏನನ್ನು ನೋಡಬೇಕು? ಅವನಿಗೆ ನಾವು ಹೇಳಿಕೊಡುವುದು ಕಡಿಮೆಯೇ ಇದೆ, ಆದರೂ ಕೆಲವು ಸಂಖ್ಯೆಗಳು ಬಾಯಲ್ಲಿದ್ದರೆ ಮೇಸ್ತ್ರಿಯೆದುರು ಮಾತಿಗೆ ತೂಕ ಬರುತ್ತದೆ. ಕಾಂಕ್ರೀಟು ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರಲು 28 ದಿನ ಬೇಕು. ಭಾರತೀಯ ಮಾನಕ ಸಂಹಿತೆ 456ರ ಪ್ರಕಾರ ನಾಲ್ಕೂವರೆ ಮೀಟರಿನ ಒಳಗಿನ ಸ್ಲ್ಯಾಬಿನ ಕೆಳಗಿನ ಆಸರೆಯನ್ನು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ತೆಗೆಯುವಂತಿಲ್ಲ. ಆರು ಮೀಟರಿಗಿಂತ ಉದ್ದದ ತೊಲೆಯಾದರೆ 21 ದಿನ. ಮೇಲಿನ ಮಹಡಿಗೆ ಜಾಕಿ ಸಾಲದೆಂದು ಕೆಳಗಿನದನ್ನು ನಾಲ್ಕನೇ ದಿನಕ್ಕೇ ಬಿಚ್ಚಿಸಿದರೆ ಅದು ದೂರು ಕೊಡಬೇಕಾದ ಸಂಗತಿ. ಪಾಯಕ್ಕೋ ಪೈಪಿಗೋ ತೋಡಿದ ಕಂದಕ ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದು ಅಡಿಗಿಂತ ಆಳವಿದ್ದರೆ ಎರಡೂ ಬದಿಗೆ ಹಲಗೆ, ಅಡ್ಡಗಂಬ ಕೊಟ್ಟು ನಿಲ್ಲಿಸಿರಬೇಕು. ಕಡ್ಡಿ ಬಿಗಿಯದ ಸಾರವೆ, ಬೇಲಿಯಿಲ್ಲದ ಲಿಫ್ಟ್ ಗುಂಡಿ, ನೀರಿನಲ್ಲಿ ಬಿದ್ದಿರುವ ಕರೆಂಟ್ ವೈರು ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು.

ಎಲ್ಲರೂ ಮರೆಯುವ ಒಂದು ಸಂಗತಿ ಶೆಡ್ಡಿನದು. 2019ರ ಜೂನ್ 29ರ ನಸುಕಿನಲ್ಲಿ ಪುಣೆಯ ಕೊಂಢ್ವಾದಲ್ಲಿ ವಸತಿ ಸಂಕೀರ್ಣದ ಕಾಂಪೌಂಡ್ ಗೋಡೆ ಪಕ್ಕದ ಸೈಟಿನ ಕೂಲಿಗಳ ಶೆಡ್ ಮೇಲೆ ಬಿದ್ದು 15 ಜನ ಸತ್ತರು. 2024ರ ಮೇ 7ರ ರಾತ್ರಿ ಹೈದರಾಬಾದಿನ ಬಾಚುಪಲ್ಲಿಯಲ್ಲಿ ಮಳೆಗೆ ತಡೆಗೋಡೆ ಕುಸಿದು ಏಳು ಜನ ಹೋದರು, ಅದರಲ್ಲಿ ಒಂದು ಪುಟ್ಟ ಮಗುವೂ ಇತ್ತು. ಎರಡು ಕಡೆಯೂ ಸತ್ತವರು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರಲಿಲ್ಲ, ತಮ್ಮ ಶೆಡ್ಡುಗಳಲ್ಲಿದ್ದರು. ಹೆಲ್ಮೆಟ್, ಬೆಲ್ಟ್ ಎಂದು ಸುರಕ್ಷತೆಯ ಮಾತಾಡುವವರು ಸಂಜೆ ಆರರ ಮೇಲಿನ ಸೈಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಂಡತಿ ಮಕ್ಕಳೊಂದಿಗೆ ಹೋದವರು ಮೊದಲು ನೋಡಬೇಕಾದ್ದು ಶೆಡ್ಡಿನ ಹಿಂದೆ ಎಂಥ ಗೋಡೆ ಇದೆ, ಅದರಾಚೆ ಮಣ್ಣು ಎಷ್ಟು ಎತ್ತರಕ್ಕೆ ಪೇರಿಸಿದ್ದಾರೆ, ಮಳೆನೀರು ಹರಿದುಹೋಗಲು ದಾರಿ ಇದೆಯೇ ಎಂಬುದನ್ನು.

ಈಗ ಕಾನೂನಿನ ಮಾತು. 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಕೆಲಸ ಶುರುವಾಗುವ 30 ದಿನ ಮುಂಚೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕು, 500 ಜನ ದುಡಿಯುವ ಕಡೆ ಸುರಕ್ಷತಾ ಸಮಿತಿ ಬೇಕು ಎಂದೆಲ್ಲ ಹೇಳಿತ್ತು. ಸುರಕ್ಷತಾ ನಿಯಮ ಮುರಿದರೆ ಶಿಕ್ಷೆ? ಮೂರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಂಗಳೂರಿನ ಬಿಲ್ಡರನಿಗೆ ಎರಡು ಸಾವಿರವೆಂದರೆ ಸೈಟಿನ ಒಂದು ಮಧ್ಯಾಹ್ನದ ಚಹಾ ಖರ್ಚು. ಅದೇ ಕಾಯ್ದೆಯ 54ನೇ ಕಲಮಿನಲ್ಲಿ ಯಾರ ದೂರನ್ನು ಕೋರ್ಟು ಎತ್ತಿಕೊಳ್ಳಬಹುದು ಎಂದು ಬರೆದಿತ್ತು: ಮುಖ್ಯ ಇನ್‌ಸ್ಪೆಕ್ಟರ್ ಮಟ್ಟದ ಅಧಿಕಾರಿಯ ಅಥವಾ ಅವರ ಲಿಖಿತ ಅನುಮತಿ ಪಡೆದವರ ದೂರು, ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪದಾಧಿಕಾರಿಯ ದೂರು, ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯ ದೂರು. ಕೈಕಾಲು ಮುರಿದುಕೊಂಡ ಕೂಲಿಕಾರ ಅಧಿಕಾರಿಯ ಅನುಮತಿಯಿಲ್ಲದೆ ತಾನೇ ನೇರವಾಗಿ ಹೋಗುವಂತಿರಲಿಲ್ಲ. ನಮ್ಮ ಶಾಸಕಾಂಗಕ್ಕೂ ಅವನ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದೇ ಸರಿಕಂಡಿತ್ತು.

ಅದಕ್ಕೂ ಮುಂಚೆ, 1979ರಲ್ಲಿ ಬಂದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಈ ವಿಷಯದಲ್ಲಿ ಎಷ್ಟೋ ಜಾಣತನ ತೋರಿಸಿತ್ತು. ಮುಂಗಡ ಕೊಟ್ಟು ಕೂಲಿಗಳನ್ನು ಹೊರರಾಜ್ಯಕ್ಕೆ ಸಾಗಿಸುವ ಒಡಿಶಾದ ದಾದನ್ ಪದ್ಧತಿಯ ಕ್ರೌರ್ಯ ನೋಡಿ ಮಾಡಿದ ಕಾನೂನು ಅದು. ಸಾವೋ ದೊಡ್ಡ ಗಾಯವೋ ಆದರೆ ಎರಡೂ ರಾಜ್ಯದ ಅಧಿಕಾರಿಗಳಿಗೆ, ಜೊತೆಗೆ ಮನೆಯವರಿಗೆ ಗುತ್ತಿಗೆದಾರ ತಿಳಿಸಬೇಕಿತ್ತು. ಊರಿಗೆ ಮರಳಿದ ಆರು ತಿಂಗಳೊಳಗೆ ಕೂಲಿಕಾರ ತನ್ನ ರಾಜ್ಯದಲ್ಲೇ ತಕರಾರು ಎತ್ತಬಹುದಿತ್ತು. ಅಷ್ಟೇ ಅಲ್ಲ, ಹೊರರಾಜ್ಯದ ಸೈಟಿನಲ್ಲಿ ತನ್ನ ಜನರ ಸ್ಥಿತಿ ನೋಡಿಬರಲು, ಆ ರಾಜ್ಯದ ಒಪ್ಪಿಗೆ ಪಡೆದು, ತವರು ರಾಜ್ಯ ತನ್ನ ಅಧಿಕಾರಿಯನ್ನೇ ಕಳಿಸಬಹುದಿತ್ತು. ಅಂದರೆ ಗದ್ವಾಲದಿಂದ ಹೊರಟ ಕಾರ್ಮಿಕ ಅಧಿಕಾರಿ ಬೆಂಗಳೂರಿನ ಸೈಟಿನ ಗೇಟು ತಟ್ಟಲು ಕಾನೂನಿನಲ್ಲಿ ದಾರಿಯಿತ್ತು. ತಟ್ಟಿದ ಕತೆ ನನ್ನ ಕಿವಿಗೆ ಬಿದ್ದಿಲ್ಲ.

ಈ ಎರಡೂ ಕಾಯ್ದೆಗಳ ಜಾಗಕ್ಕೆ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2020ರಲ್ಲಿ ಪಾಸಾದದ್ದು 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಅದರ 14ನೇ ಕಲಮು ಕೂಲಿಕಾರರು ಬಾಯಿಪಾಠ ಮಾಡಿಕೊಳ್ಳಬೇಕಾದ್ದು. ಜೀವಕ್ಕೆ ಅಥವಾ ಮೈಗೆ ಕೂಡಲೇ ದೊಡ್ಡ ಅಪಾಯ ಆಗುವಂತಿದೆ ಎಂದು ಅನ್ನಿಸಲು ಕಾರಣವಿದ್ದರೆ ದುಡಿಯುವವನು ಅದನ್ನು ಮಾಲೀಕನ ಗಮನಕ್ಕೆ ತರಬಹುದು, ಅದೇ ಹೊತ್ತಿಗೆ ಇನ್‌ಸ್ಪೆಕ್ಟರಿಗೂ ತಿಳಿಸಬಹುದು. ಮಾಲೀಕನಿಗೆ ಅಪಾಯವಿದೆ ಎನ್ನಿಸಿದರೆ ಕೂಡಲೇ ಸರಿಪಡಿಸಬೇಕು. ಅನ್ನಿಸದಿದ್ದರೆ ವಿಷಯವನ್ನು ಇನ್‌ಸ್ಪೆಕ್ಟರಿಗೆ ಒಪ್ಪಿಸಬೇಕು, ಅವರ ತೀರ್ಮಾನವೇ ಕೊನೆ. ದಂಡವೂ ಏರಿದೆ: ಕರ್ತವ್ಯ ಮರೆತದ್ದರಿಂದ ಸಾವಾದರೆ ಎರಡು ವರ್ಷದವರೆಗೆ ಸಜೆ ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಸತ್ತವರ ವಾರಸುದಾರರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಎರಡೂ ರಾಜ್ಯಗಳಿಗೆ ಅಪಘಾತ ತಿಳಿಸುವ ಹಳೆಯ ಕಟ್ಟಳೆಯೂ ಉಳಿದುಕೊಂಡಿದೆ. ಆದರೆ ಹತ್ತು ಜನಕ್ಕಿಂತ ಕಡಿಮೆ ದುಡಿಯುವ ಕೆಲಸಗಳು ಹಿಂದಿನಂತೆ ಇದರ ಅಂಕೆಯ ಹೊರಗೆ. ಮೂವತ್ತು-ನಲವತ್ತರ ಸೈಟಿನಲ್ಲಿ ಏಳೆಂಟು ಜನ ಹಿಡಿದು ನಾಲ್ಕು ಮಹಡಿ ಎಬ್ಬಿಸುವ ಬೆಂಗಳೂರಿನಲ್ಲಿ ಈ ಹತ್ತರ ಗೆರೆ ಎಷ್ಟು ಜನರನ್ನು ಹೊರಗೆ ಬಿಡುತ್ತದೆ ಎಂದು ಬೀದಿಯಲ್ಲಿ ನಡೆದು ನೋಡಿದರೆ ತಿಳಿಯುತ್ತದೆ. ಅಂಥ ಕಡೆ ಉಳಿಯುವುದು ಪಾಲಿಕೆ ಮತ್ತು ಪೊಲೀಸು. ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಮಿನಲ್ಲಿ ಕಟ್ಟಡ ಕೆಡಹುವಾಗ, ರಿಪೇರಿ ಮಾಡುವಾಗಿನ ಅಜಾಗರೂಕತೆಯ ಜೊತೆಗೆ ಈಗ ಕಟ್ಟುವಾಗಿನದೂ ಸೇರಿದೆ; ಅದಕ್ಕೆ ಯಾರೂ ಸಾಯುವವರೆಗೆ ಕಾಯಬೇಕಿಲ್ಲ.

ದೂರು ಎಲ್ಲಿಗೆ ಎಂಬುದಕ್ಕಿಂತ ದೂರಿನಲ್ಲಿ ಏನಿರಬೇಕು ಎಂಬುದು ಹೆಚ್ಚಿನ ಮಾತು. ಎಷ್ಟೋ ದೂರುಗಳು ವಿಳಾಸವಿಲ್ಲದೆ ಸಾಯುತ್ತವೆ. ಆರು ತಿಂಗಳು ಒಂದೇ ಕಟ್ಟಡದಲ್ಲಿ ದುಡಿದವನನ್ನು ಕೇಳಿ: ಬಸ್ ಸ್ಟಾಪ್ ಹೇಳುತ್ತಾನೆ, ಎದುರಿನ ಟೀ ಅಂಗಡಿ ಹೇಳುತ್ತಾನೆ, ಮಾಲೀಕನ ಹೆಸರು, ಬೀದಿಯ ಹೆಸರು ಅವನಿಗೆ ತಿಳಿಯದು. ತಿಳಿಸುವ ಗೊಡವೆ ಯಾರಿಗೂ ಇರಲಿಲ್ಲ. ಆದ್ದರಿಂದ ಸೈಟಿಗೆ ಕಾಲಿಟ್ಟ ಮೊದಲ ದಿನ ಮಾಡಬೇಕಾದ ಕೆಲಸ ಒಂದಿದೆ. ಗೇಟಿನ ಬಳಿ ಬೋರ್ಡ್ ಇದ್ದರೆ ಅದರ ಫೋಟೊ ತೆಗೆದು, ಫೋನಿನ ಲೊಕೇಶನ್ ಜೊತೆ ಊರಿನಲ್ಲಿ ಓದಬಲ್ಲ ಒಬ್ಬರ ವಾಟ್ಸ್ಆ್ಯಪಿಗೆ ಕಳಿಸುವುದು. ಬೋರ್ಡ್ ಇಲ್ಲದಿದ್ದರೆ ಅದನ್ನೂ ಬರೆದು ಕಳಿಸುವುದು. ಅಪಾಯ ಕಂಡ ದಿನ ಅದರ ಫೋಟೊ, ಜನರ ಮುಖ ಬರದಂತೆ. ಯಾವ ಮಹಡಿ, ಏನಾಗಿದೆ, ಯಾವಾಗಿನಿಂದ. ಇಷ್ಟಿದ್ದರೆ ಫೋನು ಎತ್ತಿದವರು ಎಲ್ಲಿ, ಏನು, ಯಾರು ಎಂದು ಮೂರು ಸಲ ಕೇಳಿ ಬೇಸತ್ತು ಇಡುವಂತಿಲ್ಲ.

ಬೀಳುವಂತಿದ್ದರೆ ಮೊದಲು ಹೊರಗೆ ಬರಬೇಕು, ಆಮೇಲೆ 112. ಕರ್ನಾಟಕದಲ್ಲಿ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಬೆಂಗಳೂರಿನ ಪಾಲಿಕೆಯದು 1533. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದಾಗಿವೆ, ಯಾವ ವಾರ್ಡು ಯಾವುದಕ್ಕೆ ಎಂದು ಊರಿನವರಿಗೇ ಗೊಂದಲವಿರುವಾಗ ಗುಳೆ ಬಂದವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೈದರಾಬಾದಿನ ಪಾಲಿಕೆಯ ಕಂಟ್ರೋಲ್ ರೂಮ್ 040-21111111. ಹೇಳಿದ ಮೇಲೆ ದೂರಿನ ನಂಬರು ಕೇಳಿ ಬರೆದುಕೊಳ್ಳಬೇಕು. ನಾಳೆ 'ನಮಗೆ ಗೊತ್ತೇ ಇರಲಿಲ್ಲ' ಎನ್ನುವವರ ಬಾಯಿ ಕಟ್ಟುವುದು ಆ ನಂಬರು.

ಇಲ್ಲಿ ಗಡಿಯವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಸೈಟಿನಲ್ಲಿ ಹಿಂದಿ ಆಡುವವರು ಅವರು. ಬೆಂಗಳೂರಿನ ಸಹಾಯವಾಣಿಗೆ ಕನ್ನಡದಲ್ಲಿ ಫೋನು ಮಾಡಬಲ್ಲರು, ಗದ್ವಾಲದ ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ನಡೆಯುವ 'ಪ್ರಜಾವಾಣಿ' ಅಹವಾಲಿಗೆ ತೆಲುಗಿನಲ್ಲಿ ಅರ್ಜಿ ಕೊಡಬಲ್ಲರು. ಅದೇ ಸಾರವೆಯ ಮೇಲೆ ಜೊತೆಗಿರುವ ಬಿಹಾರದ ಹುಡುಗ ಬಿರುಕನ್ನು ಇವರಿಗಿಂತ ಮೊದಲು ಕಂಡಿರಬಹುದು. ಬೆಂಗಳೂರಿನ ಠಾಣೆಗೆ ಹೋಗಿ ಹೇಳಲು ಅವನಿಗೆ ಮಾತಿಲ್ಲ. ಗುಂಪಿನ ಪರವಾಗಿ ಬಾಯಿ ತೆರೆಯುವ ಕೆಲಸ ಗಡಿಯವರ ಪಾಲಿಗೆ ಬರುವುದು ಹೀಗೆ. ಕಾರ್ಮಿಕರ ಕಾರ್ಡಿನ ವಿಷಯದಲ್ಲಿ ಮಾತ್ರ ಅವರದು ಉಲ್ಟಾ ಪಾಡು: ನಾಲಿಗೆ ಕನ್ನಡ, ಆಧಾರ್ ತೆಲಂಗಾಣದ್ದು. 2021ರಿಂದ ಕೊಡುತ್ತಿರುವ ಇ-ಶ್ರಮ ಕಾರ್ಡು ದೇಶಕ್ಕೆಲ್ಲ ಒಂದೇ ನಿಜ, ಆದರೆ ಇಂದು ಯಾವ ಸೈಟಿನಲ್ಲಿ ದುಡಿಯುತ್ತಿದ್ದಾನೆ ಎಂಬುದು ಅದರಲ್ಲಿ ಇಲ್ಲ.

ದೂರು ಕೊಡುವವರ ಬಗ್ಗೆ ಪಾಲಿಕೆಯ ಎಂಜಿನಿಯರುಗಳು ಮುಖ ಸಿಂಡರಿಸುವುದಕ್ಕೂ ಕಾರಣವಿದೆ. ಬೆಂಗಳೂರಿನಲ್ಲಿ ಮನೆ ಕಟ್ಟಿದವರನ್ನು ಕೇಳಿ. ಪ್ಲಾನ್ ಮೀರಿದ್ದೀರಿ ಎಂದು ಅರ್ಜಿ ಹಾಕಿ, ಆಮೇಲೆ ಸಂಜೆ ಬಂದು 'ಸೆಟಲ್' ಮಾಡಿಕೊಳ್ಳೋಣ ಎನ್ನುವವರ ಒಂದು ಪಡೆಯೇ ಇದೆ. ಆ ರಾಶಿಯಲ್ಲಿ ನಿಜವಾದ ದೂರು ಹೂತುಹೋಗುತ್ತದೆ. ಹಾಗಾಗಿ ಪ್ಲಾನ್ ಉಲ್ಲಂಘನೆಯ ದೂರನ್ನೂ ಜೀವಾಪಾಯದ ದೂರನ್ನೂ ಒಂದೇ ಬುಟ್ಟಿಗೆ ಹಾಕುವುದನ್ನು ಮೊದಲು ಬಿಡಬೇಕು. ಮೊದಲನೆಯದಕ್ಕೆ ನೋಟಿಸ್, ಉತ್ತರ, ವಿಚಾರಣೆ ಎಂದು ತಿಂಗಳು ಹಿಡಿಯಲಿ. ಎರಡನೆಯದಕ್ಕೆ ಅದೇ ದಿನ ಒಬ್ಬ ಎಂಜಿನಿಯರ್ ಸ್ಥಳಕ್ಕೆ ಹೋಗಬೇಕು, ಕೊಟ್ಟ ನೋಟಿಸನ್ನು ಗೇಟಿಗೆ ಅಂಟಿಸಬೇಕು, ಒಳಗಿರುವವರಿಗೆ ತಿಳಿಯುವ ಮಾತಿನಲ್ಲಿ ನಿಂತು ಓದಬೇಕು. ಇದಕ್ಕೆ ಹೊಸ ಕಾನೂನು ಬೇಡ, ಅಂಟು ಮತ್ತು ಅರ್ಧ ತಾಸು ಸಾಕು.

ಅಪಘಾತ ಆದ ಮೇಲಿನ ದೂರೂ ದೂರೇ. ಹೆಚ್ಚಿನ ಸಾವುಗಳು ಲೆಕ್ಕಕ್ಕೆ ಬಾರದೆ ಹೋಗುವುದು ಶವ ಊರಿಗೆ ಸಾಗಿಸುವ ವ್ಯಾನಿನ ಬಾಡಿಗೆಯ ಜೊತೆ ಮನೆಯವರ ಕೈಗೆ ಒಂದಿಷ್ಟು ಹಣ ಹಾಕಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದರಿಂದ. ಅಂಥ ಹೊತ್ತಿನಲ್ಲಿ ಲೆಕ್ಕ ತಿಳಿದವರು ಊರಿನಲ್ಲಿ ಒಬ್ಬರಾದರೂ ಇರಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರದಲ್ಲಿ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. ಮೂವತ್ತರವನಿಗೆ ಆ ಅಂಕಿ 207.98. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ ಎಂದರೂ ಮೊತ್ತ ಹದಿನೈದೂವರೆ ಲಕ್ಷ ದಾಟುತ್ತದೆ. 1995ರ ತಿದ್ದುಪಡಿಯಿಂದ ಅವಲಂಬಿತರು ತಾವು ವಾಸವಿರುವ ಕಡೆಯ ಆಯುಕ್ತರ ಮುಂದೆಯೇ ಅರ್ಜಿ ಹಾಕಲು ದಾರಿಯಾಯಿತು. ಗಂಡನನ್ನು ಕಳೆದುಕೊಂಡವಳು ವಿಚಾರಣೆಗೆಂದು ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾಯ್ದೆಯ ಹೆಸರು ಈಗ ಬದಲಾಗಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸೈಟಿನ ವಿಳಾಸ ಊರಿನಲ್ಲಿ ಮೊದಲೇ ಇದ್ದರೆ ಈ ಅರ್ಜಿಗೂ ಅದೇ ಆಧಾರ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲಿನ ಗಂಟು ಬಿಚ್ಚಿಲ್ಲ. ದೂರು ಸೋತರೆ ದೂರು ಕೊಟ್ಟವನ ಕೆಲಸ ಹೋಗುತ್ತದೆ. ಗೆದ್ದರೆ ಸೈಟಿನ ಕೆಲಸ ನಿಲ್ಲುತ್ತದೆ, ಎಲ್ಲರ ಕೂಲಿಯೂ ಹೋಗುತ್ತದೆ. ಶೆಡ್ಡಿನಲ್ಲಿ ಅಕ್ಕಪಕ್ಕ ಮಲಗುವ ಮೂವತ್ತು ಜನ 'ನಿನ್ನಿಂದ ನಮ್ಮ ಒಲೆ ಆರಿತು' ಎಂದಾಗ ಅವನು ಏನು ಹೇಳಬೇಕು? ಸಹಾಯವಾಣಿಗಳ ಜಾಹೀರಾತಿನಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಉತ್ತರ ಇಲ್ಲವೆಂದಲ್ಲ. ಅಪಾಯದ ಕಾರಣಕ್ಕೆ ಕೆಲಸ ನಿಲ್ಲಿಸಿದರೆ ಆ ದಿನಗಳ ಕೂಲಿಯನ್ನು ಮಾಲೀಕ ಕೊಡಬೇಕೆಂಬ ತತ್ವ 1952ರ ಗಣಿ ಕಾಯ್ದೆಯಲ್ಲೇ ಸೇರಿಕೊಂಡಿತ್ತು. ಗಣಿಗೆ ಹಾಜರಿ ಪುಸ್ತಕವಿರುತ್ತದೆ. ನಮ್ಮ ಸೈಟುಗಳಲ್ಲಿ ಹಾಜರಿ ಇರುವುದು ಮೇಸ್ತ್ರಿಯ ಜೇಬಿನ ಡೈರಿಯಲ್ಲಿ. ಮಾಲೀಕನಿಂದ ಕೂಲಿ ವಸೂಲಾಗುವ ಹೊತ್ತಿಗೆ ಕೂಲಿಯವನು ಮೂರನೇ ಊರು ಸೇರಿರುತ್ತಾನೆ. ಹಾಗಾಗಿ ಮೊದಲು ಕೊಡುವ ಕೈ ಬೇರೆ ಬೇಕು. ಅದಕ್ಕೆ ದೆಹಲಿಯಲ್ಲಿ ದಾರಿ ತೋರಿಸಿದ್ದಾರೆ. ಚಳಿಗಾಲದ ಹೊಗೆ ಮಿತಿಮೀರಿದಾಗ ಅಲ್ಲಿ ಕಟ್ಟಡ ಕೆಲಸವನ್ನೆಲ್ಲ ನಿಲ್ಲಿಸುತ್ತಾರೆ. 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿಂತ ದಿನಗಳಿಗೆ ಕೂಲಿಕಾರರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕೂಡಿಸಿದ ಸೆಸ್ ನಿಧಿಯಿಂದ ಜೀವನಾಧಾರ ಕೊಡಿ ಎಂದು ಸರಕಾರಗಳಿಗೆ ಹೇಳಿತು. 2024ರ ಕೊನೆಯಲ್ಲಿ ಮತ್ತೆ ಕೋರ್ಟು ಗದರಿದ ಮೇಲೆ ದೆಹಲಿ ಸರಕಾರ ನೋಂದಾಯಿತರಿಗೆ ತಲಾ 8,000 ರೂಪಾಯಿ ಕೊಟ್ಟಿತು. ನೋಂದಣಿ ಇಲ್ಲದವರು ಅಲ್ಲಿಯೂ ಕೈ ಚೆಲ್ಲಿ ಕೂತರು, ಅದು ಬೇರೆ ಮಾತು.

ಗಾಳಿ ಕೆಟ್ಟದ್ದಕ್ಕೆ ನಿಂತ ಕೆಲಸಕ್ಕೆ ಸಿಗುವ ಹಣ ಕಂಬ ಬಿರಿದದ್ದಕ್ಕೆ ನಿಂತ ಕೆಲಸಕ್ಕೆ ಯಾಕೆ ಸಿಗಬಾರದು? ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಇಲ್ಲಿಯೂ ಸಂಗ್ರಹವಾಗುತ್ತಿದೆ. ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ 2007ರಿಂದ ಇದೆ, ತೆಲಂಗಾಣದಲ್ಲೂ ಮಂಡಳಿಯಿದೆ. ಅಪಾಯದ ದೂರು ನಿಜವೆಂದು ಕಂಡು ಕೆಲಸ ನಿಲ್ಲಿಸುವ ಅಧಿಕಾರಿ ಅಲ್ಲಿಯೇ ಒಳಗಿರುವವರ ಹೆಸರು ಬರೆದುಕೊಳ್ಳಲಿ, ಯಾವ ರಾಜ್ಯದ ಕಾರ್ಡು ಎಂದು ಕೇಳದೆ ಮಂಡಳಿ ಅಷ್ಟು ದಿನದ ಕೂಲಿ ಕೊಡಲಿ, ಆಮೇಲೆ ಬಿಲ್ಡರನಿಂದ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲಿ. ಹಾಜರಿ ಪುಸ್ತಕವೇ ಇಲ್ಲದ ಸೈಟಿನಲ್ಲಿ ಬಿಲ್ಡರನ ಮೇಲೆ ಬರೆಯುವ ಮೊದಲ ಕೇಸು ಅದರದೇ ಆಗಲಿ.